ಫೋಟೋದಲ್ಲಿ ಇಲ್ಲದವರ ಚಿತ್ರ

ಸ್ಟೆನ್ಸಿಲ್ ಹಾಳೆಯ ಮೇಲೆ ಕಣ್ಣು ಬರೆಯುವುದು ಬಹಳ ಕಷ್ಟ. ಅದು ಮೇಣ ಸವರಿದ ತೆಳ್ಳನೆಯ ಹಾಳೆ. ಉಕ್ಕಿನ ಮೊನೆಯ ಕಡ್ಡಿಯಿಂದ ಗೀರಿದರೆ ಗೀರಿದಷ್ಟೇ ಜಾಗದಲ್ಲಿ ಮೇಣ ಸರಿಯುತ್ತದೆ. ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಹಾಳೆಯನ್ನು ಸುತ್ತಿ ತಿರುಗಿಸಿದಾಗ ಆ ಗೀರಿನೊಳಗಿಂದ ಮಸಿ ಒಸರಿ ಕಾಗದಕ್ಕೆ ಇಳಿಯುತ್ತದೆ. ಗೆರೆಯನ್ನು ಪೂರ್ತಿ ಸುತ್ತಿಸಿ ತಂದು ಕೂಡಿಸುವಾಗ ಕೈ ಸ್ವಲ್ಪ ಬಿಗಿಯಾದರೂ ನಡುವಿನ ತುಣುಕು ಕಿತ್ತು ಬರುತ್ತದೆ, ಕಣ್ಣಿನ ಪಾಪೆ ಇರಬೇಕಾದಲ್ಲಿ ಮಸಿಯ ಮುದ್ದೆ ಕೂರುತ್ತದೆ. ದುಂಡು ಅಕ್ಷರಗಳ ಪಾಡೂ ಇದೇ. ಸೊನ್ನೆಯನ್ನೋ ಠಕಾರವನ್ನೋ ಬರೆಯುವಾಗ ಸುತ್ತು ಮುಗಿಯುವ ಮೊದಲೇ ಕೂದಲೆಳೆಯಷ್ಟು ಜಾಗ ಬಿಟ್ಟು ಕೈ ಎತ್ತಬೇಕು. ದೊಡ್ಡ ಜಾಗಕ್ಕೆ ಕಪ್ಪು ತುಂಬಲು ಹೋದರೆ ಹಾಳೆಯೇ ಹರಿಯುತ್ತದೆ. ನೆರಳು ಬೇಕೆಂದರೆ ಚುಕ್ಕೆ ಇಡಬೇಕು, ಇಲ್ಲವೇ ಓರೆ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು.

ಇದನ್ನೆಲ್ಲ ನಾನು ಕಲಿತದ್ದು 1990ರ ಮೊದಲ ತಿಂಗಳುಗಳಲ್ಲಿ, ಆಂಧ್ರದ ಆದೋನಿಯ ಒಂದು ಪ್ರೌಢಶಾಲೆಯ ಕನ್ನಡ ಮಾಧ್ಯಮದ ಹತ್ತನೇ ತರಗತಿಯಲ್ಲಿ. ಪಬ್ಲಿಕ್ ಪರೀಕ್ಷೆಗೆ ಮೊದಲು ಬೀಳ್ಕೊಡುಗೆ ಸಮಾರಂಭ ನಡೆಯುವುದು ವಾಡಿಕೆ. ಒಂದು ಗ್ರೂಪ್ ಫೋಟೋ, ಕಾಗದದ ತಟ್ಟೆಯಲ್ಲಿ ಖಾರ ಬೂಂದಿ, ಅಲ್ಲಿಗೆ ಮುಗಿಯುತ್ತಿತ್ತು. ಆ ವರ್ಷ ನಮ್ಮ ಕನ್ನಡ ಸಾರು ಇಷ್ಟಕ್ಕೆ ಒಪ್ಪಲಿಲ್ಲ. ಪರದೇಶದ ಶಾಲೆಗಳಲ್ಲಿ ಓದು ಮುಗಿಸಿ ಹೋಗುವ ಮಕ್ಕಳಿಗಾಗಿ ವರ್ಷಕ್ಕೊಂದು ಪುಸ್ತಕ ಅಚ್ಚು ಹಾಕಿಸುತ್ತಾರೆ, ಅದರಲ್ಲಿ ಒಬ್ಬೊಬ್ಬರ ಮುಖವೂ ಇರುತ್ತದೆ ಎಂದು ಅವರು ಓದಿದ್ದರು. ನಮ್ಮಲ್ಲಿ ಇದ್ದದ್ದು ಬಣ್ಣಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕ. ಅದನ್ನು ಕೊಳ್ಳಲು ಆಗುತ್ತಿದ್ದವರು ಪೇಟೆಯ ನಾಲ್ಕಾರು ಮಕ್ಕಳು ಮಾತ್ರ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವರು ಬೇರೆಯವರ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಿದ್ದರು, ಅವರ ಕೈಗೆ ಏನೂ ಉಳಿಯುತ್ತಿರಲಿಲ್ಲ. "ಎಲ್ಲಾರ ಕೈಯಾಗೂ ಒಂದೊಂದು ಇರಬೇಕು, ಎಲ್ಲಾರೂ ಅದರಾಗ ಇರಬೇಕು" ಎಂದರು ಸಾರು.

ಅಚ್ಚಿನ ಖರ್ಚು ನಮ್ಮ ಕೈಮೀರಿದ್ದು. ಫೋಟೋ ಅಚ್ಚಾಗಬೇಕೆಂದರೆ ಬ್ಲಾಕ್ ಮಾಡಿಸಬೇಕು, ತರಗತಿಯಲ್ಲಿ ಅರವತ್ತರ ಹತ್ತಿರ ಮಕ್ಕಳು. ಹಾಗಾಗಿ ಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಸೈಕ್ಲೋಸ್ಟೈಲ್ ಯಂತ್ರವೇ ಗತಿಯಾಯಿತು. ಅಲ್ಲಿ ತೆಲುಗು, ಇಂಗ್ಲಿಷ್ ಟೈಪ್‌ರೈಟರುಗಳಿದ್ದವು, ಕನ್ನಡದ್ದು ಇರಲಿಲ್ಲ. ಬರಹವೂ ಕೈಯಿಂದಲೇ, ಚಿತ್ರವೂ ಕೈಯಿಂದಲೇ ಆಗಬೇಕಿತ್ತು. ಬರಹವನ್ನು ಅಕ್ಷರ ಚೆನ್ನಾಗಿದ್ದ ಇಬ್ಬರು ಹುಡುಗಿಯರು ವಹಿಸಿಕೊಂಡರು. ಚಿತ್ರದ ಕೆಲಸ ನನ್ನ ಪಾಲಿಗೆ ಬಂತು. ವಿಜ್ಞಾನದ ರೆಕಾರ್ಡಿನಲ್ಲಿ ದಾಸವಾಳ, ಕಪ್ಪೆಯ ಹೃದಯ ಎಲ್ಲ ನಾನೇ ಬರೆದುಕೊಡುತ್ತಿದ್ದೆ.

ಮೊದಲ ಪ್ರಶ್ನೆ, ಏನು ಬರೆಯುವುದು? ಶಾಲೆಯ ಸಂಚಿಕೆ ಎಂದ ಕೂಡಲೇ ಎಲ್ಲರ ಕೈಗೂ ತಾನಾಗಿ ಬರುವ ಚಿತ್ರಗಳಿವೆ: ತೆರೆದ ಪುಸ್ತಕ, ಅದರ ಮೇಲೆ ಉರಿಯುವ ದೀಪ, ಪಕ್ಕದಲ್ಲಿ ನವಿಲುಗರಿ, ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ, ಹಾರುವ ಪಾರಿವಾಳ. ನಾನೂ ಮೊದಲು ದೀಪವನ್ನೇ ಬರೆದು ಒಯ್ದೆ. ಸಾರು ಬಹಳ ಹೊತ್ತು ನೋಡಿದರು.

"ಚಂದ ಐತೆ. ಈ ದೀಪ ನಮ್ಮ ಸಾಲಿಯಾಗ ಎಲ್ಲಿ ಇಟ್ಟಾರಪ್ಪ?"

"ಎಲ್ಲೂ ಇಲ್ಲ ಸಾರ್."

"ಮತ್ತೆ ಕಿಟಕಿಯಾಗ ಏನು ಕಾಣ್ತದ?"

ಕಿಟಕಿಯಲ್ಲಿ ಕಾಣುತ್ತಿದ್ದದ್ದು ಕೋಟೆ ಗುಡ್ಡ. ಆದೋನಿಯ ಯಾವ ಓಣಿಯಲ್ಲಿ ನಿಂತರೂ ಗುಡ್ಡ ಕಾಣುತ್ತದೆ. ಒಂದರ ಮೇಲೊಂದು ಕುಳಿತ ದುಂಡು ಬಂಡೆಗಳು, ಅವುಗಳ ಸಂದಿಯಲ್ಲಿ ಏರಿ ಇಳಿಯುವ ಕೋಟೆ ಗೋಡೆ, ರಣಮಂಡಲದ ಆಂಜನೇಯನ ಗುಡಿಗೆ ಹೋಗುವ ಮೆಟ್ಟಿಲು. ದಿನವೂ ನೋಡುತ್ತಿದ್ದ ಆ ಗುಡ್ಡವನ್ನು ನಾನು ಒಮ್ಮೆಯೂ ಬರೆದಿರಲಿಲ್ಲ. ಬರೆಯಲು ಕುಳಿತಾಗ ತಿಳಿದದ್ದು, ಸ್ಟೆನ್ಸಿಲ್ಲಿಗೆ ಆದೋನಿಯ ಬಂಡೆಗಿಂತ ಒಳ್ಳೆಯ ವಸ್ತು ಇಲ್ಲ ಎಂಬುದು. ಒಂದು ಬಂಡೆಯ ಹೊರಗೆರೆ ಇನ್ನೊಂದರ ಹಿಂದೆ ಮರೆಯಾಗುತ್ತದೆ, ಯಾವ ಸುತ್ತೂ ಪೂರ್ತಿ ಮುಚ್ಚುವುದಿಲ್ಲ, ಹಾಳೆ ಕಿತ್ತು ಬರುವ ಭಯವಿಲ್ಲ. ಬಿಸಿಲು ಬಿದ್ದ ಕಡೆ ಖಾಲಿ ಬಿಟ್ಟು ನೆರಳಿನ ಕಡೆ ಓರೆ ಗೆರೆ ಎಳೆದರೆ ಸಾಕು, ಬಂಡೆ ತೂಕ ಪಡೆದು ಕೂರುತ್ತದೆ. ಹೊದಿಕೆಯ ಚಿತ್ರ ಹೀಗೆ ತೀರ್ಮಾನವಾಯಿತು.

ಆ ಗುಡ್ಡದ ಬಗ್ಗೆ ಒಂದು ಸಂಗತಿ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಿಜಾಪುರದ ಆದಿಲಶಾಹಿಯ ಕೊನೆಗಾಲದಲ್ಲಿ ಆದೋನಿಯನ್ನು ಆಳುತ್ತಿದ್ದವನು ಸಿದ್ದಿ ಮಸೂದ್ ಖಾನ್. ಊರಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. ತುಂಗಭದ್ರೆಯ ದಂಡೆಯ ಮಂಚಾಲೆ ಗ್ರಾಮ, ಅಂದರೆ ಇಂದಿನ ಮಂತ್ರಾಲಯ, ರಾಘವೇಂದ್ರ ಸ್ವಾಮಿಗಳಿಗೆ ಸಂದದ್ದೂ ಅವನಿಂದಲೇ ಎಂದು ಮಠದ ಪರಂಪರೆ ಹೇಳುತ್ತದೆ. ರಾಯರು 1671ರಲ್ಲಿ ಅಲ್ಲಿ ಬೃಂದಾವನಸ್ಥರಾದರು. 1688ರಲ್ಲಿ ಕೋಟೆ ಮೊಘಲರ ವಶವಾಯಿತು. ಅವರ ಪರವಾಗಿ ಇಲ್ಲಿ ಅಧಿಕಾರಕ್ಕೆ ಬಂದವರಲ್ಲಿ ಬಿಕಾನೇರಿನ ದೊರೆ ಅನೂಪ್ ಸಿಂಗ್ ಒಬ್ಬ. ಪುಸ್ತಕ, ವಿಗ್ರಹ, ಚಿತ್ರಗಳ ಮೇಲೆ ಅವನಿಗೆ ಅಪಾರ ಆಸೆ. ದಖನಿನಲ್ಲಿ ಕೂಡಿಸಿದ್ದನ್ನೆಲ್ಲ ಮರುಭೂಮಿಯ ತನ್ನ ಊರಿಗೆ ಸಾಗಿಸಿದ. 1698ರಲ್ಲಿ ಸತ್ತದ್ದು ಆದೋನಿಯಲ್ಲೇ. ಬಿಕಾನೇರಿನ ಸಂಗ್ರಹಕ್ಕೆ ಸೇರಿದ ದಖನಿ ಚಿತ್ರಗಳಲ್ಲಿ ಆದೋನಿಯಿಂದ ಹೋದವೂ ಇವೆ ಎಂದು ಓದಿದಾಗ ನನಗೆ ತಡೆಯಲಾರದ ಸಂಕಟವೂ ಹೆಮ್ಮೆಯೂ ಒಟ್ಟಿಗೇ ಆದವು. ಚಿತ್ರಕಲೆ ಎಂದರೆ ನಮ್ಮ ಊರಿಗೆ ಸಂಬಂಧವಿಲ್ಲದ್ದು, ಬೆಂಗಳೂರಿನಿಂದಲೋ ಮದರಾಸಿನಿಂದಲೋ ಬರುವಂಥದ್ದು ಎಂದು ನಾವು ನಂಬಿದ್ದೆವು. ಶಾಲೆಯಲ್ಲಿ ಯಾರಾದರೂ ಇದನ್ನು ನಮಗೆ ಹೇಳಿದ್ದರೆ ಎಷ್ಟು ಮಕ್ಕಳ ಬೆನ್ನು ನೇರವಾಗುತ್ತಿತ್ತು!

ಹೊದಿಕೆಯೇನೋ ಆಯಿತು. ಮಕ್ಕಳ ಮುಖಗಳ ಗತಿಯೇನು? ಎರಡು ಮೂರು ಮುಖ ಬರೆದು ನೋಡಿದೆ, ಎಲ್ಲರೂ ಅಣ್ಣತಮ್ಮಂದಿರು ಅನ್ನಿಸುವಂತೆ ಬಂದರು. ಅರವತ್ತು ಮುಖ ಗುರುತು ಸಿಗುವಂತೆ ಬರೆಯುವುದು ಪಳಗಿದ ಕಲಾವಿದನಿಗೂ ಸುಲಭದ್ದಲ್ಲ, ಅದೂ ಕಣ್ಣು ನಿಲ್ಲದ ಸ್ಟೆನ್ಸಿಲ್ಲಿನ ಮೇಲೆ. ದಾರಿ ಸಿಕ್ಕಿದ್ದು ಮನೆಯಲ್ಲಿ. ನಮ್ಮವ್ವ ಮಧ್ಯಾಹ್ನದ ಹೊತ್ತು ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಧೋತರ, ದರ್ಜಿ ಅಂಗಡಿಯಿಂದ ತಂದ ಕತ್ತರಿ ಚೂರುಗಳು ಒಂದೊಂದು ಚೌಕವಾಗಿ ಕೂಡಿಕೊಂಡು, ಅವುಗಳ ಮೇಲೆ ಸಾಲುಸಾಲಾಗಿ ದಾರದ ಹೊಲಿಗೆ ಹರಿಯುತ್ತಿತ್ತು. ಹೊಲಿಗೆ ಎಂದರೆ ತುಂಡು ತುಂಡು ಗೆರೆ. ಸ್ಟೆನ್ಸಿಲ್ಲಿಗೆ ಬೇಕಾದದ್ದೂ ಅದೇ. ಪುಟವನ್ನೇ ಕೌದಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಚೌಕ ಕೊಟ್ಟು, ಅದರಲ್ಲಿ ಅವರು ಬೇಡಿದ ಒಂದು ವಸ್ತುವನ್ನು ಬರೆದು, ಕೆಳಗೆ ಹೆಸರು, ಊರು ಹಾಕುವುದು ಎಂದುಕೊಂಡೆ. ಸಾರು ಕುಣಿದಾಡಿಬಿಟ್ಟರು.

ಯಾರಿಗೆ ಯಾವ ವಸ್ತು ಎಂಬುದನ್ನು ಮೊದಲು ನಾನೇ ಊಹಿಸಿ ಪಟ್ಟಿ ಮಾಡಿಕೊಂಡಿದ್ದೆ. ಕೇಳುತ್ತ ಹೋದಂತೆ ಆ ಪಟ್ಟಿ ಪೂರ್ತಿ ತಲೆಕೆಳಗಾಯಿತು. ಆದೋನಿ ಹತ್ತಿಯ ಊರು. ಸುಗ್ಗಿಯಲ್ಲಿ ಮಾರ್ಕೆಟ್ ಯಾರ್ಡಿನ ಹಾದಿಯ ಮರಗಳಿಗೆಲ್ಲ ಬಿಳಿ ಎಳೆ ಜೋತಿರುತ್ತದೆ. ತಾಯಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಿದ್ದ ಹುಡುಗಿಗೆ ಬಿರಿದ ಹತ್ತಿಕಾಯಿ ಬರೆಯೋಣ ಎಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು. "ಹತ್ತಿ ಬ್ಯಾಡ. ನಮ್ಮವ್ವ ಧೂಳು ಬೀಳಬಾರದಂತ ತಲಿಗೆ ಬಟ್ಟಿ ಕಟ್ಕೊಂತಾಳಲ್ಲ, ಅದನ್ನ ಬರಿ. ಗಂಟು ಎಡಕ್ಕಿರ್ತೈತೆ ನೋಡು." ಎಮ್ಮಿಗನೂರಿನ ನೇಕಾರರ ಹುಡುಗ ಲಾಳಿ ಬೇಕೆಂದ. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದಲೇ ಆ ಊರಿಗೆ ಹೆಸರು. ಅವನ ತಾತ, ಅಪ್ಪ ಇಬ್ಬರೂ ಮಗ್ಗದವರು. ನಾನು ಬರೆದ ಲಾಳಿಯನ್ನು ನೋಡಿ, ದಾರ ಹೊರಗೆ ಬರುವ ತೂತು ಪಕ್ಕದಲ್ಲಿರುತ್ತದೆ, ತುದಿಯಲ್ಲಲ್ಲ ಎಂದು ತಿದ್ದಿದ. ದೇವರಗಟ್ಟದ ಕಡೆಯವನಿಗೆ ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವದಲ್ಲಿ ಹಿಡಿಯುವ ಕಬ್ಬಿಣದ ಬಳೆಯ ಬಡಿಗೆ ಎಂದು ನಾವೆಲ್ಲ ನಗುತ್ತ ಹೇಳಿದೆವು. ಅವನು ನಗಲಿಲ್ಲ. ಅವರ ಅಪ್ಪ ಹಿಡಿಯುತ್ತಿದ್ದದ್ದು ದೀವಟಿಗೆ, ಅದನ್ನೇ ಬರಿ ಎಂದ. ಮಂತ್ರಾಲಯದವನು ಕೇಳಿದ್ದು ಹರಿಗೋಲು. ರೈಲ್ವೆ ಕ್ವಾರ್ಟರ್ಸಿನವನು ಕೇಳಿದ್ದು ಕೈ ಇಳಿಸಿದ ಸಿಗ್ನಲ್ಲು. ಮಸೀದಿ ಓಣಿಯ ದರ್ಜಿಯ ಮಗ ಕತ್ತರಿ ಕೇಳಿದ. ಅವರ ಅಂಗಡಿಯ ಚೂರುಗಳೇ ನಮ್ಮವ್ವನ ಕೌದಿಗೆ ಬರುತ್ತಿದ್ದವು.

ಒಬ್ಬರೂ ಡಾಕ್ಟರ ಕೊರಳ ಸ್ಟೆತಾಸ್ಕೋಪ್ ಕೇಳಲಿಲ್ಲ, ವಿಮಾನ ಕೇಳಲಿಲ್ಲ. ಮುಂದೇನಾಗುತ್ತೀರಿ ಎಂದು ಕೇಳಿದ್ದರೆ ಅವನ್ನೇ ಹೇಳುತ್ತಿದ್ದರೇನೋ. ನಿನ್ನ ಹೆಸರಿನ ಮೇಲೆ ಏನಿರಬೇಕು ಎಂದು ಕೇಳಿದ್ದಕ್ಕೆ ಮನೆಯವರ ಕೈಯಲ್ಲಿದ್ದದ್ದನ್ನು ಕೊಟ್ಟರು. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು ಮಕ್ಕಳನ್ನೇ ಕೇಳಬೇಕು ಎಂಬ ನನ್ನ ನಂಬಿಕೆ ಹುಟ್ಟಿದ್ದು ಆ ವಾರಗಳಲ್ಲಿ. ಈ ಮೂವತ್ತೈದು ವರ್ಷದಲ್ಲಿ ಅದು ಸಡಿಲಾಗಿಲ್ಲ.

ಕೌದಿ ತುಂಬುತ್ತ ಬಂತು, ಏಳು ಚೌಕ ಖಾಲಿ ಉಳಿದವು. ಗ್ರೂಪ್ ಫೋಟೋ ತೆಗೆಸಿದ ದಿನ ಇರದಿದ್ದವರೂ ಆ ಏಳು ಮಂದಿಯೇ. ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಸೀಮೆಯ ಮಕ್ಕಳು. ನಮ್ಮ ಪಶ್ಚಿಮ ಕರ್ನೂಲು ಮಳೆ ನಂಬಿದ ನೆಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಭಾಗದಲ್ಲಿ ಹಾದುಹೋಗುತ್ತದೆ, ಕಾಲುವೆಯ ತುದಿಯ ಹೊಲಗಳಿಗೆ ನೀರು ಸಾಕಾಗುವುದಿಲ್ಲ. ಹಿಂಗಾರಿ ಕೈಕೊಟ್ಟರೆ ಊರಿಗೆ ಊರೇ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತದೆ. ಅದನ್ನು 'ಸುಗ್ಗಿಗೆ ಹೋದರು' ಎನ್ನುತ್ತಾರೆ. ಮೆಣಸಿನಕಾಯಿ ಕೆಂಪಾಗುವ ತಿಂಗಳುಗಳು, ಪಬ್ಲಿಕ್ ಪರೀಕ್ಷೆಯ ತಿಂಗಳುಗಳು ಎರಡೂ ಒಂದೇ. ಹದಿನೈದು ವರ್ಷದ ಮಗ ಅಥವಾ ಮಗಳು ಜೊತೆಗಿದ್ದರೆ ಕೂಲಿ ಒಂದಾಳಿನದು ಹೆಚ್ಚು.

ಏಳು ಚೌಕಗಳಲ್ಲಿ ಒಂದೊಂದು ಹೂವು ಬರೆದುಬಿಡೋಣ ಎಂದು ಯಾರೋ ಹೇಳಿದರು. ಸಾರು ಒಪ್ಪಲಿಲ್ಲ. "ಎಲ್ಲಾರನ್ನೂ ಕೇಳಿ ಬರದೀರಿ. ಅವರನ್ನೂ ಕೇಳಿ ಬರೀರಿ." ಗುಂಟೂರಿನಲ್ಲಿರುವವರನ್ನು ಹೇಗೆ ಕೇಳುವುದು? "ಮನಿಯಾಗ ಮುದುಕರು ಇರ್ತಾರಲ್ಲಪ್ಪ" ಎಂದರು.

ಹಾಗೆ ನಾನೂ ಒಬ್ಬ ಗೆಳೆಯನೂ ಭಾನುವಾರಗಳಲ್ಲಿ ಹೊರಟೆವು. ಕೆಲವು ಕಡೆ ಪ್ಯಾಸೆಂಜರ್ ರೈಲು, ಕೆಲವು ಕಡೆ ಬಾಡಿಗೆ ಸೈಕಲ್ಲು. ಎಲ್ಲ ಮನೆಗಳ ಕಥೆ ಇಲ್ಲಿ ಬೇಡ. ಕೋಸಿಗಿಯಿಂದ ಒಳಗೆ ಒಂದು ಹಳ್ಳಿ, ಅಲ್ಲಿ ನಮ್ಮ ತರಗತಿಯ ಹುಡುಗಿಯೊಬ್ಬಳ ಮನೆ. ಆಕೆ ಗಣಿತದಲ್ಲಿ ನಮಗೆಲ್ಲರಿಗಿಂತ ಮುಂದು, ಮಾತು ಕಡಿಮೆ. ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಅವರ ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು, ಜೊತೆಗೆ ಎರಡು ಆಡು.

"ಯಾರಪ್ಪ ನೀವು? ಬ್ಯಾಂಕಿನೋರಾ?"

"ಅಲ್ಲಜ್ಜಿ, ನಿಮ್ಮ ಮೊಮ್ಮಗಳ ಸಾಲಿಯೋರು."

ಕುಳಿತುಕೊಳ್ಳಲು ಚಾಪೆ ಹಾಸಿ, ನೀರು ಕೊಟ್ಟು, ಎಲ್ಲ ಕೇಳಿದಳು. ಪುಸ್ತಕ ಮಾಡುತ್ತಿದ್ದೇವೆ, ಮೊಮ್ಮಗಳ ಹೆಸರಿನ ಮೇಲೆ ಒಂದು ಚಿತ್ರ ಬೇಕು, ಏನು ಬರೆಯಲಿ ಎಂದೆ. ಅಜ್ಜಿಗೆ ನನ್ನ ಪ್ರಶ್ನೆಯಲ್ಲಿ ಕಷ್ಟವೇನೂ ಕಾಣಲಿಲ್ಲ. "ನೀ ಯಾಕ ಬರಿಬೇಕಪ್ಪ? ಆಕಿ ಬರದಿದ್ದು ಐತಲ್ಲ" ಎಂದು ಒಳಗೆ ಕರೆದೊಯ್ದಳು. ಅಡುಗೆ ಒಲೆಯ ಮೇಲಿನ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಸುಣ್ಣದ ನೀರಿನಿಂದ ಬರೆದಿದ್ದಳು ಹುಡುಗಿ. ಚುಕ್ಕೆಗಳ ಸಾಲು, ಅವುಗಳ ನಡುವೆ ಬಳುಕಿ ಹೋಗುವ ಗೆರೆ, ಗೆರೆಯ ಪ್ರತಿ ತಿರುವಿನಲ್ಲಿ ಒಂದು ಪುಟ್ಟ ಹಕ್ಕಿ. ಯಾವ ಹಕ್ಕಿಯೂ ಇನ್ನೊಂದರ ಪ್ರತಿಯಾಗಿರಲಿಲ್ಲ. ಒಂದು ಹಿಂದಕ್ಕೆ ತಿರುಗಿ ನೋಡುತ್ತಿತ್ತು, ಒಂದು ಕಾಳು ಹೆಕ್ಕುತ್ತಿತ್ತು. ದೀಪಾವಳಿಗೆ ಬರೆದದ್ದು, ಹೊಗೆಗೆ ಅರ್ಧ ಮಾಸಿತ್ತು.

ತರಗತಿಯಲ್ಲಿ ಚಿತ್ರ ಬರೆಯುವವನು ಎಂದರೆ ನಾನು ಎಂದು ಎಲ್ಲರೂ ಹೇಳುತ್ತಿದ್ದರು. ಆಕೆಯ ಕೈಯಲ್ಲಿ ಇಂಥ ಗೆರೆ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಕೇಳಿದವರೂ ಇರಲಿಲ್ಲ. ಅಲ್ಲೇ ಕುಳಿತು ಆ ಗೋಡೆಯ ಒಂದು ತುಂಡನ್ನು ಗೆರೆ ತಪ್ಪದಂತೆ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ನನ್ನದೆಂದು ಒಂದು ಚುಕ್ಕೆಯನ್ನೂ ಸೇರಿಸಲಿಲ್ಲ. ಸಂಚಿಕೆಯಲ್ಲಿ ಆ ಚೌಕದ ಕೆಳಗೆ ಹೆಸರು, ಊರು, ಅವುಗಳ ಕೆಳಗೆ 'ಚಿತ್ರ: ಇವರದೇ' ಎಂದು ಬರೆದೆವು.

ಕೊನೆಯ ಪುಟ ಸಹಿಗಳದ್ದು. ಅದಕ್ಕೆ ದಾರಿ ತೋರಿಸಿದವರು ಸೋಷಿಯಲ್ ಸಾರು. ಪತ್ತಿಕೊಂಡ ಕಡೆಯ ಎರ್ರಗುಡಿಯಲ್ಲಿ 1929ರಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆಗಲ್ಲು ಶಾಸನದಲ್ಲಿ ಒಂದು ವಿಚಿತ್ರವಿದೆ ಎಂದು ಅವರು ಪಾಠ ಮಾಡುತ್ತ ಹೇಳಿದ್ದರು: ಕೆಲವು ಸಾಲು ಎಡದಿಂದ ಬಲಕ್ಕೆ ಓಡಿದರೆ, ನಡುನಡುವೆ ಕೆಲವು ಬಲದಿಂದ ಎಡಕ್ಕೆ ತಿರುಗುತ್ತವೆ. ಎತ್ತು ಹೂಡಿದವನು ಹೊಲದ ಬದುವಿನಲ್ಲಿ ತಿರುಗಿಸಿ ಮತ್ತೆ ಬರುತ್ತಾನಲ್ಲ, ಹಾಗೆ. ನಮ್ಮ ತರಗತಿಯಲ್ಲಿ ನೇಗಿಲು ಹಿಡಿದ ಹುಡುಗರು ಬೇಕಾದಷ್ಟು ಮಂದಿ ಇದ್ದರು, ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವ ಅಗತ್ಯವೇ ಬೀಳಲಿಲ್ಲ. ಸಹಿಗಳನ್ನು ಉತ್ತ ಸಾಲಿನಂತೆಯೇ ಹಾಕಿಸಿದೆವು. ಒಂದು ಸಾಲು ಅತ್ತ, ತಿರುವಿನಲ್ಲಿ ಸಹಿಯೂ ಬಾಗಿ, ಮುಂದಿನ ಸಾಲು ಇತ್ತ. ಮೊದಲ ಸಹಿಯ ಹಿಂದೆ ಜೋಡಿ ಎತ್ತು ಬರೆದೆ. ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ, ದರ್ಜಿಯ ಮಗ ಉರ್ದುವಿನಲ್ಲಿ ಸಹಿ ಹಾಕಿದ. ಬಲದಿಂದ ಎಡಕ್ಕೆ ಹೋಗುವ ಸಾಲಿನಲ್ಲಿ ಅವನದು ಸಲೀಸಾಗಿ ಕೂತಿತು. ಊರಲ್ಲಿಲ್ಲದ ಏಳು ಮಂದಿಗೆ ಸಾಲಿನಲ್ಲಿ ಜಾಗ ಬಿಟ್ಟೆವು, ಬಂದ ಮೇಲೆ ಪೆನ್ನಿನಲ್ಲಿ ಹಾಕಲಿ ಎಂದು.

ಸಂಚಿಕೆ ಚೆನ್ನಾಗಿ ಬಂತು. ಹೊದಿಕೆಯ ಬಂಡೆಗಳ ಮಸಿ ಒಣಗುವ ಮೊದಲೇ ಮಡಚಿದ್ದರಿಂದ ಹಲವು ಪ್ರತಿಗಳಲ್ಲಿ ಗುಡ್ಡದ ನೆರಳು ಎದುರು ಪುಟದಲ್ಲೂ ಮೂಡಿತ್ತು, ಅದೂ ಚೆನ್ನಾಗಿಯೇ ಕಾಣುತ್ತಿತ್ತು. ನಮ್ಮಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಚೌಕ ನೋಡಿದರು. ಅವರು ಹುಟ್ಟಿದಾಗ ಆದೋನಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು ತಾಲ್ಲೂಕುಗಳು ಕರ್ನೂಲಿಗೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಅವರ ಸಹಪಾಠಿಗಳಲ್ಲಿ ಯಾರು ಎತ್ತ ಹೋದರೆಂದು ಹೇಳಲು ಅವರ ಬಳಿ ಒಂದು ಕಾಗದವೂ ಇರಲಿಲ್ಲ. "ನಮಗೂ ಇಂಥದ್ದೊಂದು ಮಾಡಿದ್ದರೆ" ಎಂದು ಅಷ್ಟೇ ಹೇಳಿ ಪೆಟ್ಟಿಗೆಯಲ್ಲಿ ಮಡಚಿಟ್ಟರು.

ಸುಗ್ಗಿಗೆ ಹೋದವರಲ್ಲಿ ಕೆಲವರು ಪರೀಕ್ಷೆಯ ಹೊತ್ತಿಗೆ ಬಂದರು. ಆ ಹುಡುಗಿ ಬರಲಿಲ್ಲ. ಯುಗಾದಿ ಕಳೆದ ಮೇಲೆ ಅವರ ಮನೆಯವರು ಊರಿಗೆ ಮರಳಿದರೆಂದು ತಿಳಿದು, ಆಕೆಯ ಪ್ರತಿಯನ್ನು ಅದೇ ಊರಿನ ಹುಡುಗನ ಕೈಯಲ್ಲಿ ಕಳಿಸಿದೆ. ಮುಂದೆ ಆಕೆ ಓದಿದಳೋ ಇಲ್ಲವೋ ಎಂಬ ಸುದ್ದಿ ನನ್ನವರೆಗೆ ಬರಲಿಲ್ಲ.

ಈಗ ನಮ್ಮ ಅಣ್ಣನ ಮೊಮ್ಮಗ ಆದೋನಿಯಲ್ಲೇ ಹತ್ತನೇ ತರಗತಿ. ಅವರೂ ಬೀಳ್ಕೊಡುಗೆಯ ಪುಸ್ತಕ ಮಾಡುತ್ತಿದ್ದಾರೆ. ಬಣ್ಣದ ಅಚ್ಚು, ಎಲ್ಲರ ಫೋಟೋ ಫೋನಿನಲ್ಲೇ ತೆಗೆದದ್ದು, ಮೇಣದ ಹಾಳೆಯ ಗೊಡವೆಯೇ ಇಲ್ಲ. ಪುಟಗಳ ಅಂಚಿಗೆ ಚಿತ್ರ ಬೇಕಂತೆ. "ತಾತ, ಏನಾದರೂ ಐಡಿಯಾ ಹೇಳ್ರಿ" ಎಂದು ಹೋದ ವಾರ ಫೋನು ಮಾಡಿದ್ದ. ಪದವಿಯ ಟೊಪ್ಪಿಗೆ, ಸುರುಳಿ ಸುತ್ತಿದ ಸರ್ಟಿಫಿಕೇಟು ಬರೆಯೋಣ ಎಂದು ಗೆಳೆಯರು ಹೇಳುತ್ತಿದ್ದಾರಂತೆ. ಫೋಟೋದಲ್ಲಿ ಯಾರ್ಯಾರು ಇಲ್ಲ ಎಂದು ಕೇಳಿದೆ. ಸ್ವಲ್ಪ ತಡೆದು, ನಾಲ್ಕು ಹೆಸರು ಹೇಳಿದ. ಮೂವರು ಗುಂಟೂರಿನ ಕಡೆ, ಒಬ್ಬ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಅಪ್ಪನ ಜೊತೆ. ಅವರ ಮನೆಯವರ ಫೋನ್ ನಂಬರು ತರಗತಿಯಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ, ಮೊದಲು ಅವರನ್ನು ಕೇಳು ಎಂದೆ. ನಿನ್ನೆ ರಾತ್ರಿ ಅವನಿಂದ ಒಂದು ಫೋಟೋ ಬಂತು: ಮೆಣಸಿನಕಾಯಿ ಒಣಹಾಕಿದ ಕಣ, ಅದರ ಅಂಚಿನ ಮಣ್ಣಿನಲ್ಲಿ ಯಾರೋ ಕಡ್ಡಿಯಿಂದ ಬರೆದ ಟ್ರ್ಯಾಕ್ಟರು. "ಇದು ಅವನೇ ಬರೆದದ್ದಂತೆ ತಾತ. ಪುಸ್ತಕಕ್ಕೆ ಹಿಂಗೇ ಹಾಕೋದೋ, ನಾನು ತಿದ್ದಿ ಬರೆಯೋದೋ?" ಎಂದು ಕೇಳಿದ್ದಾನೆ. ಹಾಗೇ ಹಾಕು, ಕೆಳಗೆ ಅವನ ಹೆಸರು ಬರಿ ಎಂದು ಹೇಳಿದ್ದೇನೆ. ಇನ್ನು ಮೂವರು ಬಾಕಿ.